ಎರಡು ತಿಂಗಳ ನೀರು, ಹನ್ನೆರಡು ತಿಂಗಳ ಹೊಟ್ಟೆಪಾಡು: ಗೋಕಾಕ ಫಾಲ್ಸಿನ ಸೂಟಿ ಕಥೆ

ಮುಂಗಾರು ಚಲೋ ಹಿಡೀತು ಅಂದ್ರ ನಮ್ಮ ಕೌಜಲಗಿ, ಕುಲಗೋಡ, ಮೂಡಲಗಿ ಕಡೆ ಚಹಾದಂಗಡಿ ಮುಂದ ಒಂದು ಪ್ರಶ್ನೆ ಶುರು ಆಗತೈತಿ. "ಫಾಲ್ಸಿಗೆ ನೀರು ಬಂತೇನು?" ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ಜಲಪಾತ ಅಂದ ಮೇಲೆ ನೀರು ಇರಲೇಬೇಕಲ್ಲ, ಬರೋದೇನು ಹೋಗೋದೇನು ಅಂತ. ಆದರೆ ಗೋಕಾಕ ಫಾಲ್ಸ್ ನೋಡಿ ಬೆಳೆದವರಿಗೆ ಗೊತ್ತು, ನಮ್ಮ ಜಲಪಾತ ಊರ ಜಾತ್ರೆ ಇದ್ದಂಗ. ದಿನ ಗೊತ್ತಾಗಬೇಕು, ಸುದ್ದಿ ಬರಬೇಕು, ಆಮೇಲೆ ಗಾಡಿ ಹೂಡಬೇಕು. ಈಗ ಗಾಡಿ ಅಂದ್ರ ಕ್ರೂಸರ್, ಟಂಟಂ, ಬೈಕು. ಉಳಿದದ್ದು ಅದೇ.

ಇವತ್ತು ಫಾಲ್ಸ್ ಎಷ್ಟು ಚಂದ ಅಂತ ಹೇಳೋದಕ್ಕೆ ನಾನು ಕೂತಿಲ್ಲ. ಅದಕ್ಕ ನಿಮ್ಮ ಮೊಬೈಲಿನಾಗ ಸಾಕಷ್ಟು ರೀಲ್ಸ್ ಅದಾವ. ನಾನು ಮಾತಾಡಬೇಕು ಅಂದುಕೊಂಡಿರೋದು ಸೂಟಿ ಬಗ್ಗೆ. ನಮ್ಮ ಕಡೆ ಮಂದಿ ಒಂದು ದಿನ ಬಿಡುವು ಮಾಡಿಕೊಂಡು ಎಲ್ಲಿ ಹೋಗ್ತಾರ, ಹೋದಲ್ಲಿ ಏನು ಸಿಗತೈತಿ, ಮತ್ತು ಆ ಜನ ಬರೋದನ್ನೇ ನಂಬಿ ತೆನೆ ಸುಡೋರು, ಚಹಾ ಕಾಸೋರು ಉಳಿದ ಹತ್ತು ತಿಂಗಳು ಏನು ಮಾಡಬೇಕು. ಇದರ ನಡುವೆ ನಿಮ್ಮನ್ನ ಇಂಗ್ಲೆಂಡಿನ ಒಂದು ಸಮುದ್ರ ದಂಡೆಯ ಊರಿಗೂ ಕರಕೊಂಡು ಹೋಗ್ತೀನಿ. ಅಲ್ಲಿಗೂ ನಮ್ಮ ಫಾಲ್ಸಿಗೂ ನೂಲಿನ ಒಂದು ಎಳೆ ಐತಿ.

ಮೊದಲು ನೀರಿನ ಲೆಕ್ಕ. ಘಟಪ್ರಭಾ ಸಹ್ಯಾದ್ರಿಯಲ್ಲಿ ಹುಟ್ಟಿ ಸುಮಾರು 283 ಕಿಲೋಮೀಟರ್ ಹರಿದು ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ದಾರಿಯಲ್ಲಿ ಗೋಕಾಕ ಊರಿಗೆ ಬರುವ ಐದಾರು ಕಿಲೋಮೀಟರ್ ಮೊದಲೇ, ಮರಳುಗಲ್ಲಿನ ದೊಡ್ಡ ಬಂಡೆಯಿಂದ 52 ಮೀಟರ್ ಕೆಳಗೆ ಧುಮುಕುತ್ತದೆ. ಅಡಿಯಲ್ಲಿ ಹೇಳಿದರೆ ನೂರ ಎಪ್ಪತ್ತು. ಬಂಡೆಯ ಅಂಚು ಕುದುರೆ ಲಾಳದಂಗ ಬಾಗಿರುವುದರಿಂದ ಇದಕ್ಕೆ ಕರ್ನಾಟಕದ ನಯಾಗರಾ ಅನ್ನೋ ಹೆಸರು ಬಿದ್ದೈತಿ. ಹೊಳೆ ತುಂಬಿ ಬಂದಾಗ ಆ ಅಂಚಿನ ಮೇಲೆ ನೀರಿನ ಅಗಲ 177 ಮೀಟರ್. ಮೇಲುಗಡೆ ತೂಗು ಸೇತುವೆ, ಸುಮಾರು 200 ಮೀಟರ್ ಉದ್ದ, ಬಂಡೆಯಿಂದ 14 ಮೀಟರ್ ಎತ್ತರ. ದಂಡೆಯ ಮೇಲೆ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ. ಚಿಕ್ಕವರಿದ್ದಾಗ ನಮಗೆಲ್ಲ ಆ ಸೇತುವೆಯೇ ದೊಡ್ಡ ಆಕರ್ಷಣೆ. ನೀರು ಕಡಿಮೆ ಇದ್ದರೂ ಸೇತುವೆ ಅಲ್ಲಾಡತಿತ್ತಲ್ಲ! ಈಗ ಹೋಗುವವರು ಅದು ತೆರೆದಿದೆಯೋ ಇಲ್ಲವೋ ಅಂತ ಅಲ್ಲೇ ಕೇಳಿಕೊಂಡು ಕಾಲಿಡ್ರಿ.

ಇನ್ನು ನೀರು ಯಾಕ ಯಾವಾಗಲೂ ಇರೂದಿಲ್ಲ? ಮೇಲೆ ಹುಕ್ಕೇರಿ ತಾಲೂಕಿನಲ್ಲಿ ಹಿಡಕಲ್ ಡ್ಯಾಮ್ ಐತಿ, ರಾಜಾ ಲಖಮಗೌಡ ಜಲಾಶಯ. 51 ಟಿಎಂಸಿ ನೀರು ಹಿಡಿಯುತ್ತದೆ. ಬಲದಂಡೆ ಕಾಲುವೆ ಅಲ್ಲಿಂದಲೇ ಹೊರಡುತ್ತದೆ. ಅಲ್ಲಿಂದ ಕೆಳಗೆ, ಫಾಲ್ಸಿಗಿಂತ ಸ್ವಲ್ಪ ಮೇಲೆ, ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು. ಎಡದಂಡೆ ಕಾಲುವೆಗೆ ನೀರು ತಿರುಗೋದು ಅಲ್ಲಿ. ಅಂದ್ರ ಹೊಳೆ ಫಾಲ್ಸಿನ ಅಂಚಿಗೆ ಬರುವ ಹೊತ್ತಿಗೆ ಎರಡು ಕಡೆ ಸುಂಕ ಕಟ್ಟಿ ಬಂದಿರ್ತದ. ಬೇಸಿಗೆಯಲ್ಲಿ ಹೋದರೆ ನೀವು ನೋಡೋದು ಒಣ ಬಂಡೆ, ಎಲ್ಲೋ ಮೂಲೆಯಲ್ಲಿ ಒಂದು ಎಳೆ ನೀರು. ದೂರದಿಂದ ಬಂದ ಪ್ರವಾಸಿಗರು ಆಗ ಬೈಕೋತ ಹೋಗ್ತಾರ. ಬೈಯೋ ಮಾತಲ್ಲರೀ ಅದು. ಆ ನೀರು ಗೋಂಜಾಳಕ್ಕೆ, ಕಬ್ಬಿಗೆ, ಕುಡಿಯೋದಕ್ಕೆ ಹೋಗೈತಿ. ಫಾಲ್ಸ್ ಚಂದ ಕಾಣಲಿ ಅಂತ ಕಾಲುವೆ ಬಂದ್ ಮಾಡು ಅಂತ ಯಾವ ರೈತನಿಗೆ ಹೇಳ್ತೀರಿ?

ಇಲ್ಲೊಂದು ಗುಟ್ಟು ಹೇಳ್ತೀನಿ. ಹಿಡಕಲ್ ಡ್ಯಾಮ್ ತುಂಬಿ ಗೇಟ್ ತೆಗೆಯೋದು ಸಾಮಾನ್ಯವಾಗಿ ತಡ. ಆದರೆ ಅಂಬೋಲಿ ಕಡೆಯಿಂದ ಬರುವ ಹಿರಣ್ಯಕೇಶಿ ಘಟಪ್ರಭೆಯನ್ನು ಕೂಡೋದು ಡ್ಯಾಮಿನ ಕೆಳಗೆ. ಹಾಗಾಗಿ ಡ್ಯಾಮ್ ಇನ್ನೂ ಅರ್ಧ ತುಂಬಿರುವಾಗಲೇ, ಅಂಬೋಲಿ ಘಟ್ಟದಲ್ಲಿ ನಾಲ್ಕು ದಿನ ಮಳೆ ಜೋರು ಹೊಡೀತು ಅಂದ್ರೆ ಫಾಲ್ಸಿಗೆ ನೀರು ಬರುತ್ತದೆ. "ಹಿಡಕಲ್ ತುಂಬಿಲ್ಲ, ಈಗ್ಯಾಕ ಹೋಗೋದು" ಅನ್ನೋರು ಒಳ್ಳೇ ದಿನಗಳನ್ನ ಕಳಕೋತಾರ. ಪೇಪರಿನಾಗ ಬರೀ ಡ್ಯಾಮಿನ ಮಟ್ಟ ನೋಡಬ್ಯಾಡ್ರಿ, ಧೂಪದಾಳ ಒಡ್ಡಿನ ಮೇಲೆ ಎಷ್ಟು ಕ್ಯೂಸೆಕ್ ಹೋಗಾಕ್ಹತ್ತೈತಿ ಅನ್ನೋದನ್ನ ನೋಡ್ರಿ.

ಈಗ ಗಿರಣಿ ವಿಷಯ. ಫಾಲ್ಸ್ ಪಕ್ಕದಲ್ಲೇ ನೂಲಿನ ಗಿರಣಿ ಇರೋದು ನಿಮಗೆಲ್ಲ ಗೊತ್ತು. ಗೋಕಾಕ ಮಿಲ್ಸ್ ಶುರುವಾಗಿದ್ದು 1885ರಲ್ಲಿ. ಇಲ್ಲೇ ಯಾಕೆ ಕಟ್ಟಿದರು? ಕಲ್ಲಿದ್ದಲು ದೂರ, ಆದರೆ 52 ಮೀಟರ್ ಎತ್ತರದಿಂದ ಪುಕ್ಕಟೆ ಬೀಳೋ ನೀರು ಹತ್ತಿರ. ಮೇಲಿನಿಂದ ಪೈಪಿನಲ್ಲಿ ನೀರು ಇಳಿಸಿ ಕೆಳಗೆ ಕಣಿವೆಯಲ್ಲಿ ಟರ್ಬೈನ್ ತಿರುಗಿಸೋದು, ಆ ಶಕ್ತಿಯಿಂದ ಗಿರಣಿ ನಡೆಸೋದು. 1887ರಲ್ಲಿ ಇಲ್ಲಿ ಕರೆಂಟು ಹುಟ್ಟಿತು ಅಂತ ಪ್ರವಾಸೋದ್ಯಮದ ಪುಸ್ತಕಗಳು ಬರೀತಾವ. ಡಾರ್ಜಿಲಿಂಗಿನ ಜಲವಿದ್ಯುತ್ ಕೇಂದ್ರ 1897ರದ್ದು, ನಮ್ಮ ಶಿವನಸಮುದ್ರ 1902ರದ್ದು. ಅವುಗಳ ಮುಂದೆ ಇಟ್ಟು ನೋಡಿದರೆ ಆ ವರ್ಷದ ತೂಕ ಗೊತ್ತಾಗ್ತದ. ಕೆಳಗಿನ ಹಳೇ ಪವರ್ ಹೌಸಿಗೆ ಇಳಿಯೋದಕ್ಕೆ ರೋಪ್‌ವೇ ಕೂಡ ಐತಿ. ಅದು ಗಿರಣಿಗೆ ಸೇರಿದ್ದು, ಕಂಡಕಂಡವರು ಹತ್ತುವಂಥದ್ದಲ್ಲ.

ಅದೇ 1885ನೇ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ಪಶ್ಚಿಮ ದಂಡೆಯ ಬ್ಲ್ಯಾಕ್‌ಪೂಲ್ ಅನ್ನೋ ಊರಿನಲ್ಲಿ ಕರೆಂಟಿನ ಟ್ರಾಮ್ ಓಡಾಡೋದಕ್ಕೆ ಶುರು ಮಾಡಿತು. ಬ್ಲ್ಯಾಕ್‌ಪೂಲ್ ಯಾವ ಊರು ಅಂದ್ರ, ಇಂಗ್ಲೆಂಡಿನ ಗಿರಣಿ ಕಾರ್ಮಿಕರ ಸೂಟಿಯ ಊರು. ಅಲ್ಲಿನ ಲ್ಯಾಂಕಾಶೈರ್ ಪ್ರಾಂತದ ತುಂಬ ಹತ್ತಿ ಗಿರಣಿಗಳು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಹತ್ತಿ ಬರೋದು ನಿಂತಾಗ ಈ ಗಿರಣಿಗಳಿಗೆ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಹೋಗಿತ್ತು. ನಾನು ನೂಲಿನ ಎಳೆ ಅಂದಿದ್ದು ಇದನ್ನ. ಅಲ್ಲಿ ನೂಲೋರು, ಇಲ್ಲಿ ನೂಲೋರು. ಅವರ ಪಾಲಿಗೆ ಸಮುದ್ರ, ನಮ್ಮವರ ಪಾಲಿಗೆ ಗಿರಣಿ ಬಾಗಿಲಿನ ಮುಂದಿನ ಜಲಪಾತ.

ಅವರ ಸೂಟಿಯ ಪದ್ಧತಿ ಕೇಳಿ. ವರ್ಷಕ್ಕೆ ಒಂದು ವಾರ ಗಿರಣಿ ಪೂರ್ತಿ ಬಂದ್. ಊರಿಗೆ ಊರೇ ಖಾಲಿ. ಇದಕ್ಕೆ ವೇಕ್ಸ್ ವೀಕ್ ಅಂತ ಕರೀತಿದ್ದರು, ಮೂಲದಲ್ಲಿ ಅದು ಚರ್ಚಿನ ಹಬ್ಬ, ನಮ್ಮ ಊರಹಬ್ಬ ಇದ್ದಂಗ. ಪಗಾರ ಸಹಿತ ರಜೆ ಏನಲ್ಲ. ಆ ವಾರದ ಕೂಲಿ ಇಲ್ಲ. ಅದಕ್ಕ ವರ್ಷವಿಡೀ ವಾರಕ್ಕಿಷ್ಟು ಅಂತ ಚೀಟಿ ಹಾಕಿ ಕೂಡಿಸಿ, ಆ ರೊಕ್ಕ ತಗೊಂಡು ಮನೆಮಂದಿ ಎಲ್ಲ ರೈಲು ಹತ್ತಿ ಬ್ಲ್ಯಾಕ್‌ಪೂಲಿಗೆ ಹೋಗೋದು. ಪಗಾರದ ರಜೆಗೆ ಅಲ್ಲಿ ಕಾಯ್ದೆ ಬಂದದ್ದು 1938ರಲ್ಲಿ. ಆದರೆ ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಎಲ್ಲ ಊರಿನ ಗಿರಣಿ ಒಂದೇ ವಾರ ಬಂದ್ ಆಗ್ತಿರಲಿಲ್ಲ. ಈ ವಾರ ಒಂದು ಊರು, ಮುಂದಿನ ವಾರ ಇನ್ನೊಂದು. ಅದರಿಂದ ಬ್ಲ್ಯಾಕ್‌ಪೂಲಿನ ಖಾನಾವಳಿ, ಬಾಡಿಗೆ ಖೋಲಿ ನಡೆಸೋ ಹೆಣ್ಣುಮಕ್ಕಳಿಗೆ ಇಡೀ ಬೇಸಿಗೆ ಒಂದೇ ಸಮ ಗಿರಾಕಿ. ನಮ್ಮ ಕಡೆ ನೋಡ್ರಿ: ಎರಡು ಜಿಲ್ಲೆಯ ಮಂದಿ ಶ್ರಾವಣದ ಅದೇ ಎರಡು ಐತವಾರ ಫಾಲ್ಸಿಗೆ ಬಂದು ಬೀಳ್ತಾರ. ಕಾಲಿಡೋಕೆ ಜಾಗ ಇಲ್ಲ, ಗಾಡಿ ತಿರುಗಿಸೋಕೆ ಜಾಗ ಇಲ್ಲ. ಸೋಮವಾರ ಹೋಗಿ ನೋಡಿದ್ರ ತೆನೆ ಮಾರೋರು ಸುಮ್ಮನೆ ಕೂತಿರ್ತಾರ.

ಬ್ಲ್ಯಾಕ್‌ಪೂಲಿಗೂ ಹವಾಮಾನದ ತಕರಾರು ಇತ್ತು. ಇಂಗ್ಲೆಂಡಿನ ಬೇಸಿಗೆ ಎಷ್ಟು ದಿನ? ಸೆಪ್ಟೆಂಬರ್ ಬಂತು ಅಂದ್ರ ಚಳಿ, ಗಾಳಿ, ಸಮುದ್ರಕ್ಕೆ ಯಾರು ಇಳೀತಾರ? ಅಲ್ಲಿನವರು ಮಾಡಿದ ಉಪಾಯ ದೀಪ. 1879ರಲ್ಲೇ ದಂಡೆಯ ರಸ್ತೆಗೆ ಎಂಟು ವಿದ್ಯುತ್ ದೀಪ ಹಾಕಿ ನೋಡೋಕೆ ಜನ ಸೇರಿಸಿದ್ದರು. 1912ರಿಂದ ಸಾವಿರಾರು ಬಲ್ಬಿನ ಅಲಂಕಾರ ಶುರುವಾಯ್ತು. ಮುಂದೆ ಅದು ಬೇಸಿಗೆ ಮುಗಿದ ಮೇಲೂ ಜನರನ್ನ ಕರೆಸೋ ದೊಡ್ಡ ದೀಪೋತ್ಸವ ಆಯ್ತು. 1894ರಲ್ಲಿ 158 ಮೀಟರ್ ಎತ್ತರದ ಗೋಪುರ ಕಟ್ಟಿದರು, ಅದರ ಬುಡದಲ್ಲಿ ಸರ್ಕಸ್ಸು, ಕುಣಿತದ ಸಭಾಂಗಣ. ಸಮುದ್ರದೊಳಗೆ ಮೂರು ಪಿಯರ್ ಚಾಚಿದವು. ಪಿಯರ್ ಅಂದ್ರ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಉದ್ದನೆ ಅಟ್ಟ, ಅದರ ಮೇಲೆ ನಾಟಕ, ಹಾಡು, ತಿಂಡಿ. ಹೊರಗೆ ಮಳೆ ಬಂದರೆ ಒಳಗೆ ಹೋಗಿ ಕೂಡಬಹುದು. ಅಂದ್ರ ನಿಸರ್ಗ ಕೊಟ್ಟದ್ದು ಸಮುದ್ರ ಒಂದೇ. ಉಳಿದದ್ದೆಲ್ಲ ಆ ಊರಿನವರು ಸಂಜೆ ಹೊತ್ತಿಗೆ, ಮಳೆ ಹೊತ್ತಿಗೆ, ಸೀಜನ್ ಮುಗಿದ ಮೇಲಿನ ಹೊತ್ತಿಗೆ ಅಂತ ಕಟ್ಟಿಕೊಂಡದ್ದು.

ಹಂಗಂತ ಬ್ಲ್ಯಾಕ್‌ಪೂಲನ್ನ ನಾನು ತಲಿ ಮ್ಯಾಲ ಹೊತ್ತು ಕುಣಿಯಾಕ್ಹತ್ತಿಲ್ಲ. ಗಿರಣಿಗಳು ಮುಚ್ಚಿದವು. ಸ್ಪೇನಿಗೆ ಅಗ್ಗದ ವಿಮಾನ ಬಂದವು, ಅಲ್ಲಿ ಬಿಸಿಲು ಖಾತ್ರಿ. ಜನ ಆ ಕಡೆ ಹೊಂಟರು. ಇವತ್ತು ಇಂಗ್ಲೆಂಡಿನ ಅತಿ ಬಡ ಊರುಗಳ ಪಟ್ಟಿ ತೆಗೆದರೆ ಬ್ಲ್ಯಾಕ್‌ಪೂಲಿನ ಹೆಸರು ಮೇಲ್ಗಡೆಯೇ ಇರುತ್ತದೆ, ಈಗಲೂ ವರ್ಷಕ್ಕೆ ಲಕ್ಷಾಂತರ ಜನ ಬಂದು ಹೋಗುವ ಊರು ಅದು! ಬಂದವರ ರೊಕ್ಕ ಊರಿನ ಮಂದಿಯ ಮನೆಗೆ ಹೋಗೋದು ಬೇರೆ ಲೆಕ್ಕ ಅನ್ನೋದು ಅದರಿಂದ ಗೊತ್ತಾಗ್ತದ.

ನಮ್ಮ ಕಡೆ ಬರೋಣ. ಕೌಜಲಗಿಯಿಂದ ಒಂದು ಕುಟುಂಬ ಫಾಲ್ಸಿಗೆ ಹೋಗೋದು ಹೆಂಗಿರ್ತದ ಅಂತ ನೆನೆಸಿಕೊಳ್ಳಿ. ಬೆಳಿಗ್ಗೆ ಎದ್ದು ರೊಟ್ಟಿ, ಚಟ್ನಿ, ಮೊಸರನ್ನ ಕಟ್ಟಿಕೊಳ್ಳೋದು. ಬಸ್ಸಿನಲ್ಲಿ ಗೋಕಾಕ, ಅಲ್ಲಿ ಇಳಿದು ಇನ್ನೊಂದು ಬಸ್ಸು ಅಥವಾ ಆಟೋ. ಅಲ್ಲಿ ಎರಡು ತಾಸು ನೀರು ನೋಡೋದು, ಒಂದೊಂದು ತೆನೆ, ಒಂದು ಪ್ಲೇಟ್ ಮಿರ್ಚಿ, ಚಹಾ. ವಾಪಸ್ ಬರುವಾಗ ಗೋಕಾಕಿನಲ್ಲಿ ಅರ್ಧ ಕಿಲೋ ಕರದಂಟು. ಒಣಕೊಬ್ಬರಿ, ಬೆಲ್ಲ, ಗೋಡಂಬಿ, ಹುರಿದ ಅಂಟು ಹಾಕಿದ್ದು. ಅಮೀನಗಡದವರು ತಮ್ಮದೇ ಚಲೋ ಅಂತಾರ, ಆ ಜಗಳಕ್ಕ ನಾನು ಬರೂದಿಲ್ಲ. ಮಕ್ಕಳು ಹಠ ಹಿಡಿದರೆ ಬಣ್ಣದ ಕಟ್ಟಿಗೆ ಬೊಂಬೆ. ಗೋಕಾಕಿನ ಬೊಂಬೆ ಮಾಡೋರ ಕೈಯಾಗಿನ ಮಾವಿನಹಣ್ಣು, ಬದನೆಕಾಯಿ ನೋಡಿದ್ರ ಕಚ್ಚಿಬಿಡೋಣ ಅನಿಸ್ತದ. ಈಗ ಅವರ ಸಂಖ್ಯೆ ಕಡಿಮೆ ಆಗೈತಿ, ಅಂಗಡಿಯಾಗ ಪ್ಲಾಸ್ಟಿಕ್ಕೇ ಎದುರಿಗೆ ಕಾಣಸ್ತದ.

ಈ ದಿನದ ಲೆಕ್ಕದಲ್ಲಿ ಮನೆಯ ಹೆಣ್ಣುಮಕ್ಕಳ ಸೂಟಿ ಎಲ್ಲಿ ಐತಿ? ಪಂಚಮಿಗೆ ತವರಿಗೆ ಬಂದ ಮಗಳು, ಉಂಡಿ ಕಟ್ಟಿ, ಜೋಕಾಲಿ ಆಡಿ, ಒಂದು ದಿನ "ಫಾಲ್ಸ್ ನೋಡಿ ಬರೋಣ್ರೀ ಅಪ್ಪ" ಅಂತ ಕೇಳ್ತಾಳ. ಆಕೆ ಹೊರಡೋ ಮುಂಚೆ ಮನಸ್ಸಿನಾಗ ಹಾಕೋ ಮೊದಲ ಲೆಕ್ಕ ಕ್ಯೂಸೆಕ್ಕಿಂದಲ್ಲ, ಪಾಯಖಾನೆಯದ್ದು. ಅಲ್ಲಿ ಇದ್ದೀತೋ, ಇದ್ದರೂ ಕೀಲಿ ಹಾಕಿರ್ತದೋ, ನೀರು ಇರ್ತದೋ. ಎಷ್ಟೋ ತಾಯಂದಿರು ಪ್ರವಾಸದ ದಿನ ಬೆಳಿಗ್ಗೆಯಿಂದ ಚಹಾನೂ ಕುಡಿಯೂದಿಲ್ಲ, ನೀರೂ ಕುಡಿಯೂದಿಲ್ಲ. ಇದು ಒಂದು ಜಾಗದ ಮಾತಲ್ಲ, ನಮ್ಮ ಡ್ಯಾಮು, ಜಲಪಾತ, ಗುಡ್ಡ ಎಲ್ಲದರ ಮಾತು. ಬಟ್ಟೆ ತೋಯ್ದರೆ ಬದಲಿಸೋಕೆ ಒಂದು ಖೋಲಿ, ಕೂಸಿಗೆ ಹಾಲು ಕುಡಿಸೋಕೆ ಒಂದು ನೆರಳು. ಈಗ ಎಲ್ಲಿ ನೋಡಿದರೂ ಗಾಜಿನ ಸೇತುವೆ, ಜಿಪ್‌ಲೈನ್, ಸೆಲ್ಫಿ ಪಾಯಿಂಟ್ ಅಂತ ಘೋಷಣೆ ಆಗ್ತಾವ. ಆಗಲಿ, ಬ್ಯಾಡ ಅನ್ನೂದಿಲ್ಲ. ಆದರೆ ಗಾಜಿನ ಸೇತುವೆ ಮ್ಯಾಲ ನಿಂತ ಹೆಣ್ಣುಮಗಳು ಕೂಡ ಕೆಳಗಿಳಿದ ಮೇಲೆ ಕೇಳೋದು ಅದನ್ನೇ.

ಇನ್ನೊಂದು ಮಾತು ಗಂಡು ಹುಡುಗರಿಗೆ. ನೀರು ಕಡಿಮೆ ಇದ್ದಾಗ ಫಾಲ್ಸಿನ ಬಂಡೆ ಮೇಲೆ ಅಂಚಿನ ತನಕ ನಡೆದು ಹೋಗಬಹುದು. ಅದೇ ಅದರ ಅಪಾಯ. ಮರಳುಗಲ್ಲು ನೀರಿನಿಂದ ನುಣುಪಾಗಿರ್ತದ, ಮೇಲೆ ಪಾಚಿ. ತುದಿಗೆ ನಿಂತು ಬೆನ್ನು ಕಣಿವೆಗೆ ಮಾಡಿ ಫೋಟೋ ತೆಗೆಸಿಕೊಳ್ಳೋದು, ಆಮೇಲೆ ಸುದ್ದಿಯಾಗೋದು, ಇಂಥ ಸುದ್ದಿ ನಮ್ಮ ಜಿಲ್ಲೆಯಲ್ಲಿ ಪ್ರತಿ ಮಳೆಗಾಲ ಓದ್ತೀವಿ. ಮೇಲೆ ಮಳೆ ಇಲ್ಲ ಅಂತ ಧೈರ್ಯ ಮಾಡೋದೂ ತಪ್ಪು. ನೀವು ನಿಂತಲ್ಲಿ ಬಿಸಿಲು ಇರಬಹುದು, ಅಂಬೋಲಿಯಲ್ಲಿ ರಾತ್ರಿ ಸುರಿದ ಮಳೆ ನಿಮ್ಮ ಕಾಲಡಿ ಮಧ್ಯಾಹ್ನ ಬರ್ತದ. ಗೊಡಚಿನಮಲ್ಕಿಯಲ್ಲಿ ಇದು ಇನ್ನೂ ಮೋಸದ್ದು. ಮಾರ್ಕಂಡೇಯ ಹೊಳೆ ಅಲ್ಲಿ ಎರಡು ಮೆಟ್ಟಿಲಲ್ಲಿ ಇಳೀತದ, ಮೊದಲನೇದು ಸುಮಾರು 25 ಮೀಟರ್, ಸ್ವಲ್ಪ ಮುಂದೆ ಎರಡನೇದು ಅದಕ್ಕಿಂತ ಸಣ್ಣದು. ಸಣ್ಣ ಫಾಲ್ಸ್ ಅಂತ ಮಂದಿ ನೀರಿಗೇ ಇಳೀತಾರ. ಮೇಲೆ ಹುಕ್ಕೇರಿ ತಾಲೂಕಿನ ಶಿರೂರಿನಲ್ಲಿ ಆ ಹೊಳೆಗೂ ಡ್ಯಾಮ್ ಐತಿ ಅನ್ನೋದು ಬಹಳ ಮಂದಿಗೆ ಗೊತ್ತೇ ಇಲ್ಲ. ಅಲ್ಲಿ ನೀರು ಬಿಟ್ಟರು ಅಂದ್ರ ಇಲ್ಲಿ ಓಡೋಕೆ ಸಮಯ ಸಿಗೂದಿಲ್ಲ. ಸೈರನ್ನು, ಗಟ್ಟಿಯಾದ ಕಬ್ಬಿಣದ ಕಟಕಟೆ, ಮಳೆಗಾಲದ ಮೂರು ತಿಂಗಳಿಗೆ ಊರಿನ ಈಜು ಬಲ್ಲ ನಾಲ್ಕು ಹುಡುಗರಿಗೆ ಪಗಾರ ಕೊಟ್ಟು ಕಾವಲು. ಇದಕ್ಕೆ ಕೋಟಿಗಟ್ಟಲೆ ಬೇಕಾಗಿಲ್ಲ.

ಈ ನೀರಿನ ಇನ್ನೊಂದು ಮುಖ ಹೇಳದೆ ಮುಂದೆ ಹೋಗೋ ಹಂಗಿಲ್ಲ. 2019ರ ಆಗಸ್ಟ್ ನೆನಪದ ಅಲ್ಲ? ಫಾಲ್ಸ್ ಹಿಂದೆಂದೂ ಕಾಣದಂಗ ಭೋರ್ಗರೀತಿತ್ತು, ವಿಡಿಯೊ ಊರೂರು ಹರಿದಾಡಿದವು. ಅದೇ ಹೊತ್ತಿಗೆ ಕೆಳಗೆ ಗೋಕಾಕ ಊರಿನ ಓಣಿಯೊಳಗ ನೀರು ಹೊಕ್ಕಿತ್ತು, ಲೋಳಸೂರ ಸೇತುವೆ ಮುಳುಗಿತ್ತು, ಮೂಡಲಗಿ ತಾಲೂಕಿನ ಹೊಳಿಸಾಲ ಹಳ್ಳಿಯವರು ದನಕರು ಬಿಚ್ಚಿಕೊಂಡು ಶಾಲೆ ಕಟ್ಟಡ ಹುಡುಕತಿದ್ದರು. 2021ರಲ್ಲಿ ಮತ್ತೆ, 2024ರಲ್ಲಿ ಮತ್ತೆ. ಫಾಲ್ಸ್ ಅತಿ ಚಂದ ಕಾಣೋ ದಿನ ನಮ್ಮ ಅತ್ತಿಯೋ ಮಾವನೋ ಕಾಳಜಿ ಕೇಂದ್ರದಾಗ ಕೂತಿರ್ತಾರ. ಅಂಥ ದಿನ ನೋಡೋಕೆ ಹೋಗಬಾರದು ಅಂತ ನಾನು ಹೇಳೋನಲ್ಲ. ರಸ್ತೆ ಮಾತ್ರ ಬಿಟ್ಟುಕೊಡ್ರಿ. ದೋಣಿ, ಆಂಬುಲೆನ್ಸ್, ಮೇವಿನ ಟ್ರ್ಯಾಕ್ಟರ್ ಓಡಾಡೋ ಅದೇ ದಾರಿಯಲ್ಲಿ ಸೆಲ್ಫಿ ಗಾಡಿಗಳು ಅಡ್ಡ ನಿಲ್ತಾವ. ಪೊಲೀಸರು ಆ ಎರಡು ಮೂರು ದಿನ ಫಾಲ್ಸ್ ಬಂದ್ ಮಾಡಿದರೆ ಸಿಟ್ಟಾಗಬ್ಯಾಡ್ರಿ.

ಸರಿ, ಮಳೆ ನಿಂತಿತು, ನೀರು ಇಳೀತು, ಅಕ್ಟೋಬರ್ ಬಂತು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗೆ ಬಂದವು. ಫಾಲ್ಸಿನ ಮುಂದಿನ ಅಂಗಡಿಗಳು ಒಂದೊಂದಾಗಿ ಮುಚ್ಚಿಕೊಂಡವು. ಇಲ್ಲಿಂದ ಮುಂದಿನ ಬೇಸಿಗೆಯ ಕೊನೆಯ ತನಕ ಈ ಸೀಮೆಯಲ್ಲಿ ನೋಡೋದು ಏನೂ ಇಲ್ಲವೇ ಅಂತ ನನ್ನ ಪ್ರಶ್ನೆ.

ಧೂಪದಾಳ ತಗೊಳ್ಳಿ. ಯಾವ ಒಡ್ಡು ಬೇಸಿಗೆಯಲ್ಲಿ ಫಾಲ್ಸಿನ ನೀರು ಕಸೀತದೋ ಅದೇ ಒಡ್ಡಿನ ಹಿಂದೆ ನಿಂತ ನೀರು ಚಳಿಗಾಲಕ್ಕೆ ಹಕ್ಕಿಗಳನ್ನ ಕರೆಸ್ತದ. 1974ರಿಂದ ಅದು ಘಟಪ್ರಭಾ ಪಕ್ಷಿಧಾಮ, ವಿಸ್ತೀರ್ಣ ಸುಮಾರು 30 ಚದರ ಕಿಲೋಮೀಟರ್. ನವೆಂಬರಿನಿಂದ ಮಾರ್ಚ್ ತನಕ ದೂರದೇಶದ ಕೊಕ್ಕರೆ, ಬಾತುಕೋಳಿ, ಡೆಮೊಯ್ಸೆಲ್ ಕ್ರೌಂಚ ಇಲ್ಲಿಗೆ ಬರ್ತಾವ. ಪಕ್ಕದಲ್ಲೇ ಘಟಪ್ರಭಾ ರೈಲು ಸ್ಟೇಷನ್. ಮೀರಜ್‌ನಿಂದ, ಬೆಳಗಾವಿಯಿಂದ ರೈಲಿನಲ್ಲಿ ಬಂದು ಇಳಿಯಬಹುದು. ನಮ್ಮ ಎಷ್ಟು ಸಾಲಿ ಮಕ್ಕಳು ನೋಡ್ಯಾರ? ಮೈಸೂರಿನ ರಂಗನತಿಟ್ಟಿಗೆ ಬಸ್ಸು ಮಾಡಿಕೊಂಡು ಹೋದ ಸಾಲಿಗಳು ಮನೆ ಹಿಂದಿನ ಧೂಪದಾಳಕ್ಕ ಹೋಗಿಲ್ಲ. ಫಾಲ್ಸಿಗೆ ಅಂಟಿಕೊಂಡ ಕೊಣ್ಣೂರಿನಲ್ಲಿ ಸಾವಿರಾರು ವರ್ಷ ಹಿಂದಿನ ಕಲ್ಲಿನ ಸಮಾಧಿಗಳು ಅದಾವ, ಊರಿನವರು ಪಾಂಡವರ ಮನೆ ಅಂತಾರ. ಅಲ್ಲಿ ಮಳೆಗಾಲ, ಬೇಸಿಗೆ ಅನ್ನೋ ಸೀಜನ್ ಇಲ್ಲ. ಇತಿಹಾಸ ಓದೋ ಹುಡುಗರು ಹೋಗಿ ನೋಡ್ರಿ, ಕಲ್ಲು ಮಾತ್ರ ಎಬ್ಬಿಸಬ್ಯಾಡ್ರಿ.

ನಾನು ಬಹಳ ಆಸೆಯಿಂದ ಹೇಳಬೇಕು ಅಂತ ಇಟ್ಟುಕೊಂಡದ್ದು ಸಂಜೆಯ ವಿಷಯ. ಬ್ಲ್ಯಾಕ್‌ಪೂಲಿಗೆ ಹೋದವರು ಕತ್ತಲಾದ ಮೇಲೆ ನಾಟಕ ನೋಡ್ತಿದ್ದರು ಅಂದೆನಲ್ಲ. ನಮ್ಮಲ್ಲಿ ಫಾಲ್ಸ್ ನೋಡಿದವರು ಸಂಜೆ ಆರಕ್ಕೆ ಗಾಡಿ ಹತ್ತತಾರ, ಯಾಕಂದ್ರ ಆಮೇಲೆ ಮಾಡೋಕೆ ಏನೂ ಇಲ್ಲ. ಮಂದಿ ರಾತ್ರಿ ಉಳಿಯದಿದ್ದರೆ ಖೋಲಿ ಬಾಡಿಗೆ ಇಲ್ಲ, ರಾತ್ರಿ ಊಟ ಇಲ್ಲ, ಬೆಳಗಿನ ನಾಷ್ಟಾ ಇಲ್ಲ. ಊರಿಗೆ ಸಿಗೋದು ತೆನೆಯ ರೊಕ್ಕ ಅಷ್ಟೇ. ಆದರೆ ರಾತ್ರಿ ಪೂರ್ತಿ ಜನರನ್ನ ಕೂಡಿಸಬಲ್ಲ ಆಟ ನಮ್ಮ ಮನೆಯೊಳಗೇ ಐತಿ. ಶ್ರೀಕೃಷ್ಣ ಪಾರಿಜಾತ! ಆ ಸಣ್ಣಾಟಕ್ಕೆ ರೂಪು ಕೊಟ್ಟ ತಮ್ಮಣ್ಣ ನಮ್ಮ ಕುಲಗೋಡದವ. ಅದರ ಹೆಸರನ್ನ ನಾಡಿನ ತುಂಬ ಮಾಡಿದ ಕಲಾವಿದೆ ಕೌಜಲಗಿಯ ನಿಂಗಮ್ಮ. ಗಂಡಸರೇ ಹೆಣ್ಣಿನ ವೇಷ ಹಾಕೋ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಅಟ್ಟ ಏರಿ ನಿಂತು ಊರೂರಿನ ಮಂದಿಯನ್ನ ಹಿಡಿದು ಕೂಡಿಸಿದ್ದು ಸಣ್ಣ ಮಾತಲ್ಲ. ಒಂದು ಹೂವಿನ ಸಲುವಾಗಿ ಸತ್ಯಭಾಮೆಯ ಸಿಟ್ಟು, ಕೃಷ್ಣನ ಫಜೀತಿ, ಕೊರವಂಜಿ, ಗೊಲ್ಲತಿ, ನಡುನಡುವೆ ಭಾಗವತನ ಚಾಷ್ಟಿ. ಹಾರ್ಮೋನಿಯಂ, ತಬಲಾ ಶುರು ಆದವು ಅಂದ್ರ ಬೆಳಗಾಗೋದು ಗೊತ್ತಾಗತಿರಲಿಲ್ಲ.

ಈಗ ಪಾರಿಜಾತದ ಕಲಾವಿದರಿಗೂ ಫಾಲ್ಸಿನ ತೆನೆ ಮಾರೋರಿಗೂ ಒಂದೇ ಕಷ್ಟ. ಇವರಿಗೆ ಮಳೆಗಾಲದ ಎರಡು ತಿಂಗಳು, ಅವರಿಗೆ ಜಾತ್ರೆ ಸುಗ್ಗಿಯ ಎರಡು ತಿಂಗಳು. ಇಬ್ಬರನ್ನೂ ಕೂಡಿಸೋಕೆ ಯಾರೂ ಕೂತು ಯೋಚನೆ ಮಾಡಿಲ್ಲ. ಇಡೀ ರಾತ್ರಿ ಬ್ಯಾಡ. ಈಗಿನ ಮಂದಿಗೆ ಬೆಳತನಕ ಕೂಡೋ ತಾಳ್ಮೆ ಇಲ್ಲ, ನನಗೂ ಇಲ್ಲ. ಶನಿವಾರ ಸಂಜೆ ಏಳರಿಂದ ಒಂಬತ್ತೂವರೆ, ಗೋಕಾಕಿನಲ್ಲೋ ಕೌಜಲಗಿಯಲ್ಲೋ ಒಂದು ಅಟ್ಟದ ಮೇಲೆ ಪಾರಿಜಾತದ ಒಂದೆರಡು ಪ್ರಸಂಗ. ಟಿಕೆಟ್ ಇಡ್ರಿ, ಪುಕ್ಕಟೆ ಮಾಡಬ್ಯಾಡ್ರಿ, ಪುಕ್ಕಟೆ ಮಾಡಿದ್ರ ಕಲಾವಿದನಿಗೆ ಹಾರ ಶಾಲು ಅಷ್ಟೇ ಸಿಗತಾವ. ಮಳೆಗಾಲದಲ್ಲಿ ಬಂದವರು ಬೆಳಿಗ್ಗೆ ಫಾಲ್ಸ್, ಸಂಜೆ ಆಟ. ಡಿಸೆಂಬರಿನಲ್ಲಿ ಬಂದವರು ಬೆಳಿಗ್ಗೆ ಧೂಪದಾಳದ ಹಕ್ಕಿ, ಸಂಜೆ ಅದೇ ಆಟ. ಹಕ್ಕಿ ನೋಡಬೇಕಾದರೆ ಸೂರ್ಯ ಹುಟ್ಟೋ ಹೊತ್ತಿಗೆ ಅಲ್ಲಿರಬೇಕು, ಅಂದ್ರ ಹಿಂದಿನ ರಾತ್ರಿ ಇಲ್ಲೇ ಉಳಿಯಲೇಬೇಕು. ಖೋಲಿ ಇದ್ದವರಿಗೆ, ರೊಟ್ಟಿ ಬಡಿಯೋ ಅಕ್ಕಂದಿರಿಗೆ ಅಲ್ಲಿ ಎರಡು ಕಾಸು. ಹಳೇ ಪವರ್ ಹೌಸಿನ ಕಥೆ ಹೇಳೋ ಒಂದು ಸಣ್ಣ ವಸ್ತುಸಂಗ್ರಹಾಲಯ, ಗಿರಣಿಯಲ್ಲಿ ದುಡಿದು ರಿಟೈರ್ ಆದ ಹಿರಿಯರನ್ನೇ ಅಲ್ಲಿ ಕೂಡಿಸಿದರೆ ಬಂದವರಿಗೆ ಎರಡು ಮಾತು ಹೇಳ್ತಾರ. ಆ ಗಿರಣಿಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡು ಬದುಕಿದ ತಲೆಮಾರು ಅದು. ಅವರು ಇರುವಾಗಲೇ ಕೇಳಿಕೊಳ್ಳಬೇಕು.

ಮನೆಮಂದಿ ಕರಕೊಂಡು ಯಾವಾಗ ಹೋಗೋದು ಅಂತ ಬಹಳ ಮಂದಿ ಕೇಳ್ತೀರಿ. ಜುಲೈ ಎರಡನೇ ವಾರದ ನಂತರ, ಅಂಬೋಲಿ ಕಡೆ ಮೂರ್ನಾಲ್ಕು ದಿನ ಮಳೆ ಆದ ಮೇಲೆ, ಐತವಾರ ಬಿಟ್ಟು ಯಾವುದಾದರೂ ವಾರದ ದಿನ. ಹೊಲದ ಎಡೆಕುಂಟೆ ಮುಗಿದಿರ್ತದ, ಬಸ್ಸು ಖಾಲಿ ಇರ್ತಾವ. ಎಂಟು ಗಂಟೆ ಒಳಗ ಫಾಲ್ಸ್ ಮುಟ್ಟಿದ್ರ ಗದ್ದಲ ಇರೂದಿಲ್ಲ. ಹೊಳೆಯಲ್ಲಿ ಕೆಂಪು ನೀರು ಏರತಿದ್ದರೆ, ಕಟ್ಟಿಗೆ ಕಸ ತೇಲಿ ಬರತಿದ್ದರೆ ಬಂಡೆ ಮೇಲೆ ಕಾಲಿಡಬ್ಯಾಡ್ರಿ, ದಂಡೆ ಮೇಲಿಂದ ನೋಡ್ರಿ. ತೆನೆ ತಗೊಳ್ಳುವಾಗ ಚೌಕಾಸಿ ಮಾಡಬ್ಯಾಡ್ರಿ. ಮುಂದಿನ ಸಂಚಿಕೆಯಲ್ಲಿ ಪಾರಿಜಾತದ ಇಬ್ಬರು ಹಿರಿಯ ಕಲಾವಿದರನ್ನ ಇಲ್ಲಿಗೇ ಕರೆಸ್ತೀವಿ, ನಿಮ್ಮ ಪ್ರಶ್ನೆ ಇದ್ದರೆ ಈಗಲೇ ಕಳಿಸಿರ್ರಿ.